ಅಲುಗದ ಚಿತ್ರ

ಕ್ಯಾಮೆರಾ ಅಂಗಡಿಗೆ ಬಂದವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ನಾಲೆಯ ಏರಿಯ ಮೇಲೆ ಒಬ್ಬ ಹುಡುಗ ಓಡುತ್ತಿದ್ದ, ಅವನ ಹಿಂದೆ ಅವನು ಮದುವೆಯಾಗಬೇಕಿದ್ದ ಹುಡುಗಿ.

"ಬಸ್‌ಸ್ಟ್ಯಾಂಡ್ ಪಕ್ಕದ ಸ್ಟುಡಿಯೋದವ್ನು ತೆಗ್ದಿದ್ದು. ಅವ್ನ ಹತ್ರ ಇರೋ ಗಿಂಬಲ್ಲೇ ಬೇಕು."

"ಪ್ರೀ-ವೆಡ್ಡಿಂಗಾ? ಅವ್ನ ಗಿಂಬಲ್ಲು ನಮ್ಮ ಅಂಗಡಿ ಮಾಲೇ ಅಣ್ಣ."

ಅಂಗಡಿಯವನು ಗಾಜಿನ ಕಪಾಟಿನಿಂದ ಅಂಥದೇ ಪುಟ್ಟ ಗಿಂಬಲ್ ತೆಗೆದು, ಕ್ಯಾಮೆರಾ ಕೂರಿಸಿ, ಕೈ ಅಲ್ಲಾಡಿಸಿ ತೋರಿಸಿದ. ಪರದೆಯಲ್ಲಿ ಚಿತ್ರ ಅಲುಗಲಿಲ್ಲ.

"ಕುಣುದ್ರೂ ಅಲ್ಲಾಡಲ್ಲ. ಎರಡು ಹಿಡಿ ಇರೋ ದೊಡ್ಡದೂ ಐತೆ, ತೋರಿಸ್ಲಾ?"

"ಬ್ಯಾಡ. ಇದನ್ನ ಹಿಡಿಯೋಕೆ ಎರಡೂ ಕೈ ಬೇಕಾ?"

"ಅಯ್ಯೋ, ಒಂದೇ ಕೈ ಸಾಕು. ಆ ಸ್ಟುಡಿಯೋದವ್ನು ಇನ್ನೊಂದ್ ಕೈಲಿ ಬೀಡಿ ಸೇದ್ಕೊಂಡೇ ಶೂಟ್ ಮಾಡ್ತಾನೆ!"

ಬಂದವನು ನಗಲಿಲ್ಲ. ವಿಡಿಯೋವನ್ನು ಮುಂದಕ್ಕೆ ಓಡಿಸಿದ. ಹುಡುಗ ಜಾರಿ ನಾಲೆಗೆ ಬಿದ್ದ. ದಡದ ಕಲ್ಲೊಂದನ್ನು ಹಿಡಿದು, ಕ್ಯಾಮೆರಾದ ಕಡೆಗೆ ಕೈ ಚಾಚಿದ. ನೀರು ಅವನನ್ನು ಎಳೆದುಕೊಂಡು ಹೋಯಿತು. ಚಿತ್ರ ಆಗಲೂ ಅಲುಗಲಿಲ್ಲ.

ಅಂಗಡಿಯವನು ಗಿಂಬಲ್ ಕೆಳಗಿಟ್ಟ.

"ನನ್ನ ತಮ್ಮ," ಎಂದ ಬಂದವನು. "ಆ ಸ್ಟುಡಿಯೋದವ್ನು, ಎರಡೂ ಕೈಲಿ ಕ್ಯಾಮೆರಾ ಹಿಡ್ಕೊಂಡಿದ್ದೆ, ಅದಕ್ಕೇ ಕೈ ಕೊಡಕ್ಕಾಗ್ಲಿಲ್ಲ ಅಂತ ಪೊಲೀಸ್ ಸ್ಟೇಷನ್ನಲ್ಲಿ ಬರ್ಕೊಟ್ಟವ್ನೆ."