ಗೋಡೆಯ ಮೇಲಿನ ಕೊಂಬು

ಸತ್ತವರ ನೆರಳು ವರ್ಷದವರೆಗೆ ಮನೆಯ ಗೋಡೆಯ ಮೇಲೆ ಉಳಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಬೇರೆಯವರ ನೆರಳುಗಳು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ಮದುವೆಯ ಫೋಟೊದಲ್ಲೇ ಹೆಂಡತಿಯ ತಲೆಯ ಹಿಂದೆ ಎರಡು ಬೆರಳೆತ್ತಿ ಕೊಂಬು ಇಟ್ಟಿದ್ದ ಅಡಿವೆಪ್ಪನ ನೆರಳು ಮಾತ್ರ ಹಾಗಿರಲಿಲ್ಲ. ಸಾವಿನ ಮನೆಯೆಂದು ಮಾತಾಡಿಸಲು ಬಂದವರು ಅಳುತ್ತ ಕೂತರೆ ಅವರ ನೆರಳಿಗೂ ಕೊಂಬು ಇಡುತ್ತಿತ್ತು.

"ಇದ್ದಾಗೂ ಹಿಂಗ, ಹೋದ ಮ್ಯಾಲೂ ಹಿಂಗ," ಎಂದು ಹೆಂಡತಿ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಬೈಯುತ್ತಿದ್ದಳು.

ಇಂದು ವರ್ಷ ತುಂಬಿತು. ಮುಸ್ಸಂಜೆ ಬಾಗಿಲು ತೆರೆದಿಟ್ಟು, ಮನೆಯವರೇ ಲೈಟು ಆರಿಸಿ ನೆರಳನ್ನು ಕಳಿಸಬೇಕು. ಮಗಳು ಕಸ್ತೂರಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು. ಒತ್ತಲಿಲ್ಲ.

"ಅವ್ವಾ, ಇನ್ನೊಂದು ದಿನ ಇರ್ಲಿ ಬಿಡು."

"ಬ್ಯಾಡವ್ವಾ. ತಡದ್ರ ನೆರಳು ಮಾಸತೈತಿ ಅಂತಾರ. ನಿಮ್ಮಪ್ಪ ಮಂಕಾಗಿ ಕುಂತದ್ದು ನನಗ ನೋಡಾಕ ಆಗೂದಿಲ್ಲ."

ಅಡಿವೆಪ್ಪನ ನೆರಳು ಮಗಳ ತಲೆಗೆ ಇನ್ನೊಂದು ಸಲ ಕೊಂಬು ಇಟ್ಟಿತು. ಕಸ್ತೂರಿ ಲೈಟು ಆರಿಸಿದಳು.

ನೀಲವ್ವ ಕತ್ತಲಲ್ಲೇ ಹೋಗಿ ಬಾಗಿಲು ಮುಚ್ಚಿ ಬಂದಳು. ಮತ್ತೆ ಲೈಟು ಹಾಕಿದಾಗ ಗೋಡೆಯ ಮೇಲೆ ಅವರಿಬ್ಬರದೇ ನೆರಳುಗಳಿದ್ದವು. ಕಸ್ತೂರಿ ಮುಖ ಬಗ್ಗಿಸಿ ಅತ್ತಳು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಅವಳ ನೆರಳಿಗೆ ಎರಡು ಕೊಂಬುಗಳಿದ್ದವು. ಅವಳು ಗಕ್ಕನೆ ಹಿಂದೆ ತಿರುಗಿದಳು.

ಜೀವನದಲ್ಲಿ ಎಂದೂ ಹುಡುಗಾಟ ಮಾಡಿರದ ನೀಲವ್ವ, ಎತ್ತಿದ ಬೆರಳು ಇಳಿಸದೆ ಕೇಳಿದಳು:

"ಸೊಟ್ಟ ಆಗ್ಯಾವೇನ? ನನಗ ರೂಢಿ ಇಲ್ಲವ್ವಾ."