ನಾಳೆ ನೆನಪಿಸು

ವನಜಾಕ್ಷಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರು ದಿನಾ ಬೆಳಿಗ್ಗೆ ಅದೇ ರಾಗ ಎಳೆಯುತ್ತಿತ್ತು: “ಹೊಸ ಆಪರೇಟಿಂಗ್ ಸಿಸ್ಟಂ ಉಚಿತ. ಈಗಲೇ ಹಾಕಲೇ, ನಾಳೆ ನೆನಪಿಸಲೇ?” ಅವಳು ಎರಡು ವರ್ಷದಿಂದ ತಪ್ಪದೆ ‘ನಾಳೆ’ ಒತ್ತುತ್ತಿದ್ದಳು.

“ಪುಕ್ಸಟ್ಟೆ ಕೊಡ್ತಿದಾರೆ, ಹಾಕಿಸ್ಕೊಳ್ಳೋಕೆ ಏನ್ ಕಷ್ಟ ಅಕ್ಕಾ?” ಪ್ರಿಂಟರ್ ರಿಪೇರಿಗೆ ಬಂದಿದ್ದ ನಾಗಭೂಷಣ ಕೇಳಿದ.

“ಕರೀದೇನೇ ದಿನಾ ಬಾಗಿಲಿಗೆ ಬರೋದು ಒಳ್ಳೇದಾಗಿರಲ್ಲಪ್ಪ. ಅದಕ್ಕೇ ನಮ್ಮಜ್ಜಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು. ಓದ್ಕೊಂಡು ವಾಪಸ್ ಹೋಗ್ತಿತ್ತು.”

“ಅದು ದೆವ್ವಕ್ಕೆ ಬರೆಯೋದು ಅಕ್ಕಾ,” ಎಂದು ನಗುತ್ತ, ಅವಳು ಬೇಡವೆನ್ನುವಷ್ಟರಲ್ಲಿ ಅವನು ‘ಈಗಲೇ’ ಒತ್ತಿಬಿಟ್ಟ.

ಪರದೆ ಕಪ್ಪಾಯಿತು. ಒಂದು ಗಂಟೆ ಏನೋ ಗಿರಗಿರ ತಿರುಗಿತು. ಕೊನೆಗೆ ಬೆಳಕಾಗಿ, ದುಂಡನೆಯ ಅಕ್ಷರಗಳು ಮೂಡಿದವು:

“ನಮಸ್ಕಾರ ವನಜಾಕ್ಷಿ. ಅಜ್ಜಿ ಇಲ್ಲ ತಾನೇ?”