ಒಂದು ಹಿಡಿ ಮರಳಿನ ವಯಸ್ಸು

ಏಪ್ರನ್ನಿನ ಜೇಬಿನಲ್ಲಿ ಫೋನು ಗುರ್ರೆಂದಾಗ, ಲ್ಯಾಬಿನವರೆಲ್ಲ ಮರಳಕ್ಕ ಎಂದೇ ಕರೆಯುವ ವಿಜ್ಞಾನಿ ಕೆಲಸ ಅರ್ಧಕ್ಕೇ ನಿಲ್ಲಿಸಿದಳು. ಕತ್ತಲಕೋಣೆಗೆ ಫೋನು ತರಬಾರದೆಂದು ನಿಯಮ ಮಾಡಿದವಳೇ ಅವಳು. ಇವತ್ತು ಮಾತ್ರ ಕಪ್ಪು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಮಗಳು ಹೆರಿಗೆಯ ಕೋಣೆಯಲ್ಲಿದ್ದಳು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದಿದ್ದರು ಡಾಕ್ಟರು.

ಮಬ್ಬು ಕೆಂಪು ದೀಪದಡಿ, ತಟ್ಟೆಯಲ್ಲಿ ಒಂದು ಹಿಡಿ ಮರಳು ಹರಡಿತ್ತು. ಹಳೆಯ ಗೋಡೆಯೊಂದರ ಬುಡದಿಂದ ತೆಗೆದದ್ದು. ಹೂತುಹೋದಂದಿನಿಂದ ಬೆಳಕು ಕಾಣದ ಆ ಕಣಗಳೇ ಗೋಡೆಯ ವಯಸ್ಸು ಹೇಳಬೇಕು. ಒಮ್ಮೆ ಬೆಳಕು ತಾಗಿತೋ, ಅವು ಕೂಡಿಟ್ಟ ಕಾಲವೆಲ್ಲ ಅಳಿಸಿ ಸೊನ್ನೆಯಿಂದ ಶುರು. “ಜೋಪಾನ ಮೇಡಂ,” ಪಕ್ಕದಲ್ಲಿದ್ದ ಉತ್ಖನನದ ಪ್ರೊಫೆಸರು ಪಿಸುಗುಟ್ಟಿದರು. “ನಾವು ಅಗೆದ ಗುಂಡಿ ಈಗ ನೀರಲ್ಲಿ ಮುಳುಗಿದೆ. ಇನ್ನೊಂದು ಚಿಟಿಕೆನೂ ಸಿಗಲ್ಲ.”

ಫೋನು ಮತ್ತೆ ಗುರ್ರೆಂದಿತು. ಅವಳು ಬಾಗಿಲ ಕಡೆ ಧಾವಿಸಿದಳು. ಇಷ್ಟು ವರ್ಷ ಕತ್ತಲಲ್ಲೇ ಹಿಡಿದ ಚಿಲಕ ಇವತ್ತು ಅವಸರದ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಗೋಡೆಯ ಸ್ವಿಚ್ಚು. ಕೋಣೆಯೆಲ್ಲ ಹಾಡಹಗಲಾಯಿತು. ತಟ್ಟೆಯಲ್ಲಿ ಮರಳು ಸಕ್ಕರೆಯ ಹಾಗೆ ಮಿನುಗಿತು. ಪ್ರೊಫೆಸರು ತಲೆಯ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದರು.

ಅವಳು ಫೋನನ್ನು ಕಿವಿಗೊತ್ತಿದಳು. ಆ ಕಡೆ ಅಳಿಯನ ಏದುಸಿರು. “ಏನಾಯ್ತಪ್ಪಾ? ಹೇಳು!” ಆಮೇಲೆ, ಎಲ್ಲೋ ಹಿಂದಿನಿಂದ, ಕೀಚಲು ದನಿಯ ಒಂದು ಅಳು. ಅದರ ಬೆನ್ನಿಗೇ ಮಗಳ ದಣಿದ ದನಿ: “ಅಮ್ಮಾ, ಕೇಳಿಸ್ತಾ? ಹೆಣ್ಣು.”

“ಈಗ ಇದರ ವಯಸ್ಸು ಎಷ್ಟಾಯ್ತು ಮೇಡಂ?” ಪ್ರೊಫೆಸರು ತಟ್ಟೆಯನ್ನೇ ನೋಡುತ್ತ ಕೇಳಿದರು.

ಅವರ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. “ನನ್ನ ಮೊಮ್ಮಗಳಷ್ಟೇ ಸಾರ್.”